ಕನ್ನಡಕದಂಗಡಿಯ ಹುಡುಗ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದೊಳಗೆ ನಮ್ಮ ಕಾಸರಗೋಡಿನ ಶಾಲೆಗಳ ಗೇಟಿನಲ್ಲಿ ಫ್ಲೆಕ್ಸ್ ಏರುತ್ತದೆ. ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದವರ ಫೋಟೋಗಳು. ಸಂತೋಷವೇ. ಆದರೆ ಮೊನ್ನೆ ಪೇಟೆಯಲ್ಲಿ ಕನ್ನಡಕ ಮಾಡಿಸಲು ಹೋದಾಗ ಒಳಗೆ ಕುಳಿತು ಮಸೂರದ ಅಂಚು ಉಜ್ಜುತ್ತಿದ್ದವನು ಫ್ಲೆಕ್ಸಿನಲ್ಲಿ ಇಲ್ಲದ ನನ್ನ ಹಳೆಯ ವಿದ್ಯಾರ್ಥಿ. "ಪ್ಲಸ್ ವನ್‌ನಲ್ಲಿ ಫಿಸಿಕ್ಸೆಲ್ಲ ಇಂಗ್ಲಿಷ್, ತಲೆಗೇ ಹೋಗಲಿಲ್ಲ ಮಾಷ್ಟ್ರೇ, ಬಿಟ್ಟೆ" ಅಂದ, ತಲೆ ತಗ್ಗಿಸಿ.

ನನಗೆ ಮ್ಯಾಕ್ಸಿಮಿಲಿಯನ್ ಹೈಡರ್ ನೆನಪಾದರು. 1950ರಲ್ಲಿ ಆಸ್ಟ್ರಿಯಾದ ಫ್ರೈಸ್ಟಾಟ್ ಎಂಬ ಊರಿನಲ್ಲಿ ಹುಟ್ಟಿದವರು, ಗಡಿಯಾರ ರಿಪೇರಿಯವರ ಮಗ. ಮೊದಲು ಕಲಿತದ್ದು ಕನ್ನಡಕದ ಕೆಲಸ. ಭೌತಶಾಸ್ತ್ರ ಆಮೇಲೆ, ಜರ್ಮನಿಯ ಕೀಲ್ ಮತ್ತು ಡಾರ್ಮ್‌ಸ್ಟಾಟ್‌ನಲ್ಲಿ. ಡಾಕ್ಟರೇಟ್ ಸಿಕ್ಕುವಾಗ 1987.

ಅವರು ತಿದ್ದಿದ್ದೂ ಮಸೂರವನ್ನೇ, ಆದರೆ ಗಾಜಿನದ್ದಲ್ಲ. ಕಾಣುವ ಬೆಳಕಿನ ತರಂಗ ಪರಮಾಣುವಿಗಿಂತ ಸಾವಿರಾರು ಪಟ್ಟು ಉದ್ದ, ಅದರಿಂದ ಪರಮಾಣು ಕಾಣದು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು; ಅಲ್ಲಿ ಕಾಂತಕ್ಷೇತ್ರವೇ ಮಸೂರ. ಅಂಚಿನಲ್ಲಿ ಹಾದ ಎಲೆಕ್ಟ್ರಾನ್‌ಗಳು ಹೆಚ್ಚು ಬಾಗಿ, ನಡುವೆ ಹಾದವುಗಳಿಗಿಂತ ಮೊದಲೇ ಕೂಡಿಬಿಡುತ್ತವೆ. ಚಿತ್ರ ಮಸುಕು. ಗಾಜಾದರೆ ಪೀನ ಮಸೂರಕ್ಕೆ ನಿಮ್ನ ಮಸೂರ ಜೋಡಿಸಿ ಸರಿಮಾಡಬಹುದು. ಇಲ್ಲಿ ನಿಮ್ನ ಮಸೂರವೇ ಇಲ್ಲ! ದುಂಡಗಿನ ಕಾಂತಮಸೂರಗಳಿಗೆ ಈ ದೋಷ ತಪ್ಪದು ಎಂದು 1936ರಲ್ಲೇ ಓಟೊ ಶೆರ್ಟ್ಸರ್ ಲೆಕ್ಕದಿಂದ ತೋರಿಸಿದ್ದರು. ದಶಕಗಳ ಕಾಲ ಹಲವರು ಪ್ರಯತ್ನಿಸಿ ಸೋತರು.

ಹರಾಲ್ಡ್ ರೋಸ್ ಒಂದು ಉಪಾಯ ಹೇಳಿದರು: ಆರು ಧ್ರುವಗಳ ಕಾಂತಗಳನ್ನು ಜೋಡಿಯಾಗಿಟ್ಟು ವಿರುದ್ಧ ದೋಷವನ್ನು ಹುಟ್ಟಿಸಿ ಮೊದಲಿನದನ್ನು ಅಳಿಸುವುದು. ಕಾಗದದ ಮೇಲಿದ್ದ ಅದನ್ನು ಲೋಹದಲ್ಲಿ ಮಾಡಿ ಕೂರಿಸಿದ್ದು ಹೈಡರ್ ಮತ್ತು ಅವರ ತಂಡ. 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. 0.24 ನಾನೋಮೀಟರ್ ದೂರದ ಬಿಂದುಗಳನ್ನಷ್ಟೇ ಬೇರೆಬೇರೆಯಾಗಿ ತೋರಿಸುತ್ತಿದ್ದ ಯಂತ್ರ 0.14ರವರೆಗೂ ತೋರಿಸಿತು. 2020ರ ಕಾವ್ಲಿ ಪ್ರಶಸ್ತಿಯನ್ನು ರೋಸ್, ಕ್ನುಟ್ ಉರ್ಬಾನ್, ಒಂಡ್ರೆಯ್ ಕ್ರಿವಾನೆಕ್ ಜೊತೆಗೆ ಹೈಡರ್ ಹಂಚಿಕೊಂಡರು.

ಕನ್ನಡಕ ಉಜ್ಜಿದವರೆಲ್ಲ ವಿಜ್ಞಾನಿಗಳಾಗುತ್ತಾರೆಂದು ನಾನು ಹೇಳುತ್ತಿಲ್ಲ. ಹೈಡರ್‌ಗೆ ಕಸುಬಿನಿಂದ ಓದಿಗೆ ಮರಳುವ ಬಾಗಿಲು ತೆರೆದಿತ್ತು; ವಿಶ್ವವಿದ್ಯಾನಿಲಯದವರೆಗೂ ತಾಯ್ನುಡಿ ಜರ್ಮನ್ ಜೊತೆಗಿತ್ತು. ನಮ್ಮ ಮಕ್ಕಳ ಕೈಯನ್ನು ಕನ್ನಡ ಹತ್ತನೆಯಲ್ಲೇ ಬಿಡುತ್ತದೆ. ಆಮೇಲೆ ಕೆಲಸಕ್ಕೆ ಹೋದವನನ್ನು ನಾವು ಮೇಷ್ಟ್ರುಗಳೂ ಲೆಕ್ಕದಿಂದ ತೆಗೆದುಬಿಡುತ್ತೇವೆ. ತಪ್ಪು ಅಲ್ಲಿದೆ, ನನ್ನದೂ ಸೇರಿ. ಎರಡು ವರ್ಷ ನಾನು ಅವನನ್ನು ವಿಚಾರಿಸಿರಲಿಲ್ಲ.

ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಕೆಲಸ ಮಾಡುತ್ತಲೇ ಹನ್ನೆರಡನೆಯ ಭೌತಶಾಸ್ತ್ರ ಬರೆಯಬಹುದು ಎಂದು ಅವನಿಗೆ ಹೇಳಿದೆ. ಪಾರಿಭಾಷಿಕ ಪದಗಳನ್ನು ಭಾನುವಾರ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ ಎಂದೂ ಹೇಳಿದೆ. ಬದಲಿಗೆ ನೀನು ಒಂದು ದಿನ ಬಂದು ಹತ್ತನೆಯವರಿಗೆ ಮಸೂರ ತೋರಿಸಬೇಕು ಅಂದೆ.

"ಧಣಿಗಳಲ್ಲಿ ಕೇಳಿ ಹೇಳ್ತೇನೆ ಮಾಷ್ಟ್ರೇ" ಅಂದಿದ್ದಾನೆ.