ಮುಖಕ್ಕೆ ಫಿಲ್ಲರ್: ತುಟಿಗೆ ಒಪ್ಪಿದ್ದು ಕಣ್ಣಿಗೆ ಒಪ್ಪದು

ಮದುವೆಯ ಹಂಗಾಮು ಸಮೀಪಿಸಿದಂತೆಲ್ಲ ಭಕ್ತರ ಪ್ರಶ್ನೆಗಳಲ್ಲಿ ‘ಫಿಲ್ಲರ್’ ಎಂಬ ಪದ ಪದೇ ಪದೇ ಕಾಣತೊಡಗಿದೆ. ತುಟಿ ತುಂಬಿಸಿಕೊಳ್ಳಬಹುದೆ, ಕಣ್ಣಿನ ಕೆಳಗಿನ ಗುಳಿ ಮುಚ್ಚಿಸಬಹುದೆ, ಇದೆಲ್ಲ ಶರಣಧರ್ಮಕ್ಕೆ ಸಲ್ಲುವುದೆ ಎಂದು ಕೇಳುವವರಿದ್ದಾರೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಕಾಯವನ್ನು ಜರಿಯುವ ಪರಂಪರೆ ನಮ್ಮದಲ್ಲ. ಇಷ್ಟಲಿಂಗವನ್ನು ಧರಿಸುವ ಶರೀರವನ್ನು ಚೊಕ್ಕಟವಾಗಿ ಇರಿಸಿಕೊಳ್ಳುವುದರಲ್ಲಿ ದೋಷವಿಲ್ಲ. ಕನ್ಯೆಯ ತುಟಿ ತೆಳುವೆಂದು ಬೀಗರ ಮನೆಯವರು ಆಡಿಕೊಳ್ಳುವುದರಲ್ಲಿ ದೋಷವಿದೆ. ಅಂಥ ಮಾತಿಗೆ ಅಂಜಿ ಸೂಜಿಗೆ ಮುಖವೊಡ್ಡುವುದು ಬೇಡವೆಂಬುದೇ ನಮ್ಮ ನಿಲುವು. ತಾವಾಗಿಯೇ ಯೋಚಿಸಿ ನಿರ್ಧರಿಸಿದವರು ಕೆಲವು ಸಂಗತಿಗಳನ್ನಾದರೂ ಅರಿತಿರಬೇಕು.

ಹಯಲುರಾನಿಕ್ ಆಮ್ಲವು ನಮ್ಮ ಚರ್ಮ, ಕೀಲು, ಕಣ್ಣುಗಳಲ್ಲಿ ಸಹಜವಾಗಿಯೇ ಇದ್ದು ನೀರನ್ನು ಹಿಡಿದಿಡುವ ವಸ್ತು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಹಸುವಿನ ಕಣ್ಣಿನಿಂದ ಬೇರ್ಪಡಿಸಿದರು. ಮುಂದೆ ಹುಂಜದ ಜುಟ್ಟಿನಿಂದ ತೆಗೆಯುವ ಕ್ರಮ ಬಂದಿತು. ಶಾಕಾಹಾರಿಗಳಾದ ಭಕ್ತರು ಈ ಬಗ್ಗೆ ವಿಚಾರಿಸುವುದು ನ್ಯಾಯವೇ. ಇಂದು ಮುಖಕ್ಕೆ ಬಳಸುವ ಬಹುತೇಕ ಜೆಲ್‌ಗಳು ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಾಗುತ್ತವೆ. ಸಹಜ ರೂಪದ ಆಮ್ಲ ಚರ್ಮದಲ್ಲಿ ಬಹುಬೇಗ ಕರಗುವುದರಿಂದ ಅದರ ಎಳೆಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಹೆಣೆಯುತ್ತಾರೆ. ಹೆಣಿಗೆ ಹೇಗೋ ಜೆಲ್‌ನ ಗುಣವೂ ಹಾಗೆಯೇ. ‘ಇಡೀ ಮುಖಕ್ಕೆ ಒಂದೇ ಸಿರಿಂಜ್’ ಎಂಬ ಅಗ್ಗದ ಮಾತನ್ನು ನಂಬಬಾರದೆನ್ನುವುದು ಇದೇ ಕಾರಣಕ್ಕೆ.

ಕೆನ್ನೆಯ ಮೂಳೆ, ಗಲ್ಲಗಳಿಗೆ ಎತ್ತಿ ಹಿಡಿಯಬಲ್ಲ ಗಟ್ಟಿ ಜೆಲ್ ಬೇಕು. ಅದನ್ನು ಆಳದಲ್ಲಿ, ಮೂಳೆಗೆ ಸಮೀಪವಾಗಿ ಇರಿಸುತ್ತಾರೆ. ತುಟಿಯಾದರೋ ಮಾತು, ನಗು, ಊಟಗಳಲ್ಲಿ ಸದಾ ಚಲಿಸುವ ಅಂಗ. ಅಲ್ಲಿಗೆ ಮೆತ್ತನೆಯ, ಬಾಗುವ ಜೆಲ್ಲೇ ಸರಿ. ಕಣ್ಣಿನ ಕೆಳಭಾಗ ಎಲ್ಲಕ್ಕಿಂತ ಸೂಕ್ಷ್ಮ. ಚರ್ಮ ತೀರ ತೆಳು. ಹೆಚ್ಚು ನೀರು ಹೀರುವ ಜೆಲ್ ಹಾಕಿದರೆ ಬಾವು ಬಹುಕಾಲ ನಿಲ್ಲಬಹುದು, ಮೇಲುಮೇಲೆ ಹಾಕಿದರೆ ನೀಲಿ ಛಾಯೆ ಕಾಣಬಹುದು. ಗುಳಿ ತುಂಬಿಸಲು ಹೋಗಿ ಚೀಲ ಕಟ್ಟಿಕೊಂಡಂತೆ! ಕಣ್ಣಿನ ಕೆಳಗಿನ ಕಪ್ಪು ಚರ್ಮದ ಬಣ್ಣದಿಂದ ಬಂದಿದ್ದರಂತೂ ಯಾವ ಫಿಲ್ಲರೂ ಅದನ್ನು ಅಳಿಸದು.

ನಮ್ಮ ನಿಜವಾದ ಆತಂಕ ಹುಬ್ಬುಗಳ ನಡುವಣ ಜಾಗ ಮತ್ತು ಮೂಗಿನದು. ನಾವು ನಿತ್ಯ ವಿಭೂತಿ ಧರಿಸುವ ಆ ಹಣೆಯ ಬುಡದ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳದೊಡನೆ ಸಂಪರ್ಕವಿದೆ. ಜೆಲ್ ಆಕಸ್ಮಿಕವಾಗಿ ನಾಳದೊಳಗೆ ಸೇರಿದರೆ ಚರ್ಮ ಕೊಳೆಯಬಹುದು. ದೃಷ್ಟಿಯೇ ಹೋಗಬಹುದು, ಹೋದ ದೃಷ್ಟಿ ಮರಳುವುದು ಅಪರೂಪ. ಇದು ವಿರಳ, ಆದರೆ ನುರಿತ ಕೈಗಳಲ್ಲೂ ಸಂಭವಿಸಿದೆ. ಆದಕಾರಣ ಈ ಎರಡು ಜಾಗಗಳನ್ನು ಸೌಂದರ್ಯಕ್ಕಾಗಿ ಮುಟ್ಟಿಸಿಕೊಳ್ಳಲೇಬೇಡಿರೆಂದು ನೇರವಾಗಿ ಹೇಳುತ್ತೇವೆ. ಉಳಿದ ಭಾಗಗಳಿಗೂ ಚರ್ಮತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್‌ರಲ್ಲದೆ ಬ್ಯೂಟಿ ಪಾರ್ಲರಿನವರು ಸೂಜಿ ಹಿಡಿಯತಕ್ಕದ್ದಲ್ಲ. ಸೂಜಿಯೇ ಇಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ಪೆನ್ನುಗಳ ವಿರುದ್ಧ ಅಮೆರಿಕದ ಎಫ್‌ಡಿಎ 2021ರಲ್ಲಿಯೇ ಎಚ್ಚರಿಸಿದೆ.

ಹಯಲುರಾನಿಕ್ ಜೆಲ್‌ಗೆ ಒಂದು ಅನುಕೂಲವುಂಟು. ಹಯಲುರಾನಿಡೇಸ್ ಎಂಬ ಕಿಣ್ವದಿಂದ ಅದನ್ನು ಕರಗಿಸಬಹುದು. ಆ ಔಷಧಿ ತಮ್ಮಲ್ಲಿ ಸಿದ್ಧವಿದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿರಿ. ಕೇಳಿದ್ದಕ್ಕೆ ಸಿಡುಕುವವರಾದರೆ ಎದ್ದು ಬನ್ನಿರಿ. ಚುಚ್ಚುವಾಗ ತೀವ್ರ ನೋವು, ಚರ್ಮ ಬಿಳುಪಾಗುವುದು, ದೃಷ್ಟಿ ಮಂಜಾಗುವುದು ಕಂಡರೆ ನಾಳೆಗೆಂದು ಕಾಯಕೂಡದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮುಖದಲ್ಲಿ ಸೋಂಕಿರುವವರು ಈ ವಿಚಾರವನ್ನು ಸದ್ಯಕ್ಕೆ ಬಿಡುವುದೇ ಲೇಸು.

ಇದರ ಫಲ ಭಾಗಕ್ಕೆ ತಕ್ಕಂತೆ ಸುಮಾರು 6ರಿಂದ 18 ತಿಂಗಳು. ಬಳಿಕ ಮತ್ತೆ ಅಷ್ಟೇ ಖರ್ಚು. ಸಾಲ ಮಾಡಿ ಮದುವೆ ನಡೆಸುವ ಮನೆಯವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ. ಬಾವು, ಕಲೆಗಳು ಇಳಿಯಲು ಒಂದೆರಡು ವಾರ ಹಿಡಿಯುವುದರಿಂದ ಲಗ್ನಕ್ಕೆ ಕನಿಷ್ಠ ಒಂದು ತಿಂಗಳ ಮೊದಲೇ ಮುಗಿಸಿಕೊಳ್ಳಬೇಕು. ಚುಚ್ಚಿದ ಜಾಗವನ್ನು ಆರಂಭದ ದಿನಗಳಲ್ಲಿ ಒತ್ತಿ ಉಜ್ಜಬಾರದಾದ್ದರಿಂದ, ಅರಿಶಿನದ ಶಾಸ್ತ್ರಕ್ಕೆ ಕೂರುವ ಮದುಮಗಳು ಈ ವಿಷಯವನ್ನು ಮುತ್ತೈದೆಯರಿಗೆ ಮುಂಚಿತವಾಗಿ ತಿಳಿಸಿರಲಿ.