ಕಾಣದ ಚುಕ್ಕಿಗಳ ಮೊಕದ್ದಮೆ

ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲವೆಂದು ವಾದಿಸುವವರು ನಮ್ಮಲ್ಲಿ ಕಡಮೆಯಿಲ್ಲ. ಅವರ ಬತ್ತಳಿಕೆಯ ಮೆಚ್ಚಿನ ಬಾಣ ಒಂದುಂಟು: ‘ಅಲ್ಲಿ ತೆಗೆದ ಚಿತ್ರಗಳಲ್ಲಿ ಆಕಾಶ ಇಷ್ಟು ಕಪ್ಪಗಿದೆ; ಒಂದಾದರೂ ನಕ್ಷತ್ರ ಎಲ್ಲಿ?’ ಮೊನ್ನೆ ವಿಜ್ಞಾನದ ಉಪಾಧ್ಯಾಯರೊಬ್ಬರ ಬಾಯಲ್ಲೇ ಈ ಮಾತು ಕೇಳಿ ನನಗೆ ಸಿಟ್ಟು ಬಂತು. ಹೋಟೆಲಿನ ಹರಟೆಯಾಗಿದ್ದರೆ ಕಾಫಿಯೊಡನೆ ನುಂಗಿಬಿಡಬಹುದಿತ್ತು. ಅವರು ಇದನ್ನು ತರಗತಿಯಲ್ಲೂ ಹೇಳುತ್ತಾರಂತೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರಂತೆ.

ಈ ಮಹನೀಯರು ಒಂದು ಸಂಗತಿಯನ್ನು ಮರೆಯುತ್ತಾರೆ. 1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇಳಿದದ್ದು ಚಂದ್ರನ ಹಗಲಿನಲ್ಲಿ. ಅಲ್ಲಿ ಗಾಳಿಯಿಲ್ಲ, ಬಿಸಿಲನ್ನು ಚದರಿಸಿ ಆಕಾಶವನ್ನು ನೀಲಿಯಾಗಿಸುವ ಬಗೆಯಿಲ್ಲ. ಮೇಲೆ ಕಪ್ಪು, ಕೆಳಗೆ ಕಣ್ಣು ಕುಕ್ಕುವ ಬಿಸಿಲು. ಆ ನೆಲಕ್ಕೂ ಯಾತ್ರಿಕರ ಬಿಳಿಯ ಉಡುಪಿಗೂ ಹೊಂದುವಂತೆ ಕ್ಯಾಮೆರಾ ಕಣ್ಣು ತೆರೆದದ್ದು ಸೆಕೆಂಡಿನ 250ರಲ್ಲಿ ಒಂದು ಪಾಲು. ಅಷ್ಟರಲ್ಲಿ ನಕ್ಷತ್ರದ ಬಡ ಬೆಳಕು ಫಿಲ್ಮಿನ ಮೇಲೆ ಗುರುತು ಮಾಡೀತೆ? ದೀಪಾಲಂಕಾರದ ಮದುವೆ ಚಪ್ಪರದ ಮುಂದೆ ರಾತ್ರಿ ತೆಗೆಸಿಕೊಂಡ ಫೋಟೋವನ್ನು ಉಪಾಧ್ಯಾಯರು ಒಮ್ಮೆ ನೋಡಲಿ. ಅದರಲ್ಲೂ ಚುಕ್ಕಿಯಿಲ್ಲ. ಹಾಗೆಂದು ಮದುವೆಯೇ ಸುಳ್ಳೆ?

ಕ್ಯಾಮೆರಾ ಮಾತ್ರವಲ್ಲ, ಕಣ್ಣಿನ ಪಾಡೂ ಅದೇ. ಅದೇ ವರ್ಷ ಆಗಸ್ಟಿನ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಬಂದಾಗ, ಚಂದ್ರನ ನೆಲದಿಂದ ಬರಿಗಣ್ಣಿಗೆ ನಕ್ಷತ್ರಗಳು ಕಾಣಲಿಲ್ಲವೆಂದು ಆರ್ಮ್‌ಸ್ಟ್ರಾಂಗ್ ನೇರವಾಗಿಯೇ ಹೇಳಿದರು. ಮೋಸಕ್ಕೆ ಹೊರಟವನು ಹೀಗೆನ್ನುತ್ತಾನೆಯೆ? ಪರದೆಯ ಮೇಲೆ ನಾಲ್ಕು ಚುಕ್ಕಿ ಇಟ್ಟು ಕೈತೊಳೆದುಕೊಳ್ಳುವುದು ಎಷ್ಟು ಸುಲಭವಾಗಿತ್ತು!

ನನ್ನ ಪಕ್ಷದವರ ಮೇಲೂ ನನಗೆ ತಕರಾರುಂಟು. ಉತ್ಸಾಹದ ಭರದಲ್ಲಿ ಅವರು ‘ಬಾಹ್ಯಾಕಾಶದಲ್ಲಿ ನಕ್ಷತ್ರಗಳು ಕಾಣುವುದೇ ಇಲ್ಲ’ ಎಂದುಬಿಡುತ್ತಾರೆ. ಇದೂ ಅಷ್ಟೇ ತಪ್ಪು. 1971ರಲ್ಲಿ ಅಪೋಲೋ 15ರ ಆಲ್ ವರ್ಡನ್, ಜೊತೆಗಾರರಿಬ್ಬರೂ ಕೆಳಗಿಳಿದಿದ್ದಾಗ, ಒಬ್ಬರೇ ಚಂದ್ರನನ್ನು ಸುತ್ತುತ್ತಿದ್ದರು. ಹಿಂಬದಿಯಲ್ಲಿ, ಸೂರ್ಯನ ಬಿಸಿಲೂ ಭೂಮಿಯ ಬೆಳಕೂ ತಲುಪದ ನೆರಳಿಗೆ ಬಂದಾಗ ಕಂಡ ಆಕಾಶವನ್ನು ಅವರು ಮುಂದೆ ಬಿಳಿಯ ಹಾಸಿಗೆ ಹೋಲಿಸಿದರು. ಅಷ್ಟು ನಕ್ಷತ್ರಗಳು! ಮಿನುಗು ಮಾತ್ರ ಅಲ್ಲಿಲ್ಲ. ಚುಕ್ಕಿಯನ್ನು ಮಿನುಗಿಸುವುದು ನಮ್ಮ ಗಾಳಿ. ಮೇಲೇರಿದರೆ ನಕ್ಷತ್ರ ಹತ್ತಿರವಾಗುತ್ತದೆಂಬುದಂತೂ ಬರಿಯ ಭ್ರಮೆ. ಚಂದ್ರನಿರುವುದು ಸುಮಾರು 3,84,000 ಕಿಲೋಮೀಟರು ದೂರದಲ್ಲಿ. ಸೂರ್ಯನನ್ನು ಬಿಟ್ಟರೆ ಅತಿ ಸಮೀಪದ ನಕ್ಷತ್ರ ನಾಲ್ಕು ಬೆಳಕಿನ ವರ್ಷಗಳಿಗೂ ಆಚೆ. ಯಾತ್ರಿಕನಿಗೂ ನಮಗೂ ಬೇಕಾದದ್ದು ಎತ್ತರಕ್ಕಿಂತ ಕತ್ತಲೆ, ಮತ್ತು ಕಣ್ಣು ಆ ಕತ್ತಲೆಗೆ ಒಗ್ಗುವಷ್ಟು ತಾಳ್ಮೆ.

ಚಿತ್ರವೇ ಬೇಕೆನ್ನುವವರಿಗೆ ಚಿತ್ರವೂ ಉಂಟು. 1972ರ ಏಪ್ರಿಲಿನಲ್ಲಿ ಅಪೋಲೋ 16ರವರು ಜಾರ್ಜ್ ಕರೂಥರ್ಸ್ ರಚಿಸಿದ ಅತಿನೇರಳೆ ಕ್ಯಾಮೆರಾವನ್ನು ತಮ್ಮ ನೌಕೆಯ ನೆರಳಿನಲ್ಲಿ ನಿಲ್ಲಿಸಿ, ಚಂದ್ರನ ನೆಲದಿಂದಲೇ ನಕ್ಷತ್ರಗಳ ಚಿತ್ರ ತೆಗೆದು ತಂದರು. ಇದನ್ನು ಉಪಾಧ್ಯಾಯರಿಗೆ ಹೇಳಿದೆ. ‘ಅವನ್ನು ಆಮೇಲೆ ಸೇರಿಸಿರಬಹುದು ಸ್ವಾಮಿ’ ಎಂದರು! ಅವರ ಮಕ್ಕಳಿಗೆ ಒಂದು ಗಂಟೆ ಪಾಠ ಹೇಳಲು ನನಗೆ ಅವಕಾಶ ಕೊಡಿರೆಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.