ಅಂಟಿಸಿದ ಪ್ರಶ್ನೆ, ಕಟ್ಟಿದ ಪ್ರಶ್ನೆ

ಜಾವಾದ ಗೊಡವೆ ಈ ಗಣಿತದ ಮೇಷ್ಟರಿಗೇಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ. ಆದರೆ ನಾನು ಹೇಳಹೊರಟಿರುವುದು ಪ್ರೌಢಶಾಲೆಯಲ್ಲಿ ನೀವು ಕಲಿತ ಗಣಗಳ ಪಾಠದ ಮುಂದುವರಿಕೆಯೇ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ಹುಡುಕುವ ಒಂದು ಪುಟವಿದೆಯೆನ್ನಿ. ತಾಲ್ಲೂಕು, ತರಗತಿ, ಅಂಕ, ಕುಟುಂಬದ ತಿಂಗಳ ಆದಾಯ, ಹೆಸರು ಎಂದು ಐದು ಖಾನೆಗಳು. ಹುಡುಕುವವರು ಯಾವುದನ್ನಾದರೂ ತುಂಬಬಹುದು, ಯಾವುದನ್ನಾದರೂ ಬಿಡಬಹುದು. ಐದು ಅಂಶಗಳ ಗಣಕ್ಕೆ 32 ಉಪಗಣಗಳು. ಆದ್ದರಿಂದ ಪ್ರಶ್ನೆಯ ರೂಪಗಳೂ 32. ಖಾನೆಗಳು ಹತ್ತಾದರೆ 1024. ಇಷ್ಟನ್ನೂ ಮೊದಲೇ ಬರೆದಿಡುವವರು ಯಾರು? ಹಾಗಾಗಿ ಅನೇಕರು ಎಸ್‌ಕ್ಯೂಎಲ್ ವಾಕ್ಯದ ತುಂಡುಗಳನ್ನು ಬರಿಯ ಅಕ್ಷರಗಳಾಗಿ ಒಂದಕ್ಕೊಂದು ಅಂಟಿಸುತ್ತಾರೆ. ಈ ಪದ್ಧತಿಯನ್ನು ಬಿಡಬೇಕೆಂಬುದೇ ನನ್ನ ವಾದ.

ಒಂದು ಖಾಸಗಿ ನಿಧಿಯವರು ಅರ್ಜಿಗಳ ಪರಿಶೀಲನೆಗೆ ನನ್ನನ್ನು ಕರೆದಿದ್ದರು. ಡಿ’ಸೋಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದೊಡನೆ ಅವರ ತಂತ್ರಾಂಶ ಮುಗ್ಗರಿಸಿತು. ಹೆಸರಿನ ನಡುವಿನ ಆ ಪುಟ್ಟ ಚಿಹ್ನೆಯನ್ನು ಎಸ್‌ಕ್ಯೂಎಲ್ ಪಠ್ಯದ ಮುಕ್ತಾಯವೆಂದು ಓದಿಕೊಂಡಿತ್ತು. (ಮಂಗಳೂರಿನ ಕಡೆ ಒಂದು ತರಗತಿಯ ಹಾಜರಿ ಕೂಗಿದವರಿಗೆ ಈ ಹೆಸರೇನು ಅಪರೂಪವಲ್ಲ!) ಇದೇ ಬಿರುಕಿನಲ್ಲಿ ಕೇಡಿಗನೊಬ್ಬ ತನ್ನದೇ ಆಜ್ಞೆಯನ್ನು ತೂರಿಸಬಲ್ಲ. ಅದಾದರೂ ಕಣ್ಣಿಗೆ ಕಂಡ ದೋಷ. ಇನ್ನೊಂದು ಕಾಣದ್ದು. ಅಲ್ಲಿ ಆದಾಯದ ಅಂಕಣವನ್ನು ಸಂಖ್ಯೆಯಾಗಿಡದೆ ಪಠ್ಯವಾಗಿಟ್ಟಿದ್ದರು. ಮಿತಿ 10000. ಪಠ್ಯವಾಗಿ ಹೋಲಿಸಿದಾಗ, ನಿಘಂಟಿನಲ್ಲಿ ಪದಗಳು ನಿಲ್ಲುವಂತೆ, ಮೊದಲ ಅಂಕಿಯೇ ತೀರ್ಪು ಕೊಡುತ್ತದೆ. 4000 ಎಂಬುದು 10000ಕ್ಕಿಂತ ದೊಡ್ಡದಾಗುತ್ತದೆ. ತಿಂಗಳಿಗೆ ನಾಲ್ಕು ಸಾವಿರ ದುಡಿಯುವ ಮನೆಯ ಹುಡುಗಿ ಪಟ್ಟಿಯ ಹೊರಗೆ, ಸರಿಯಾಗಿ ಹತ್ತು ಸಾವಿರದವರು ಒಳಗೆ. ದೋಷಸೂಚನೆ ಒಂದೂ ಇಲ್ಲ. ಕಾಗದದ ಅರ್ಜಿಗಳೊಡನೆ ತಾಳೆ ನೋಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಜಾವಾದಲ್ಲಿ ಇದಕ್ಕೆ ಉತ್ತಮ ದಾರಿಯಿದೆ. 2009ರಲ್ಲಿ ಬಂದ ಜೆಪಿಎ 2.0 ಆವೃತ್ತಿಯು ಕ್ರೈಟೀರಿಯಾ ಎಪಿಐಯನ್ನು ತಂದಿತು. ತುಂಬಿದ ಒಂದೊಂದು ಖಾನೆಗೂ ಒಂದೊಂದು ಪ್ರೆಡಿಕೇಟ್ ರಚಿಸಿ, ಪಟ್ಟಿಗೆ ಸೇರಿಸಿ, ಕೊನೆಗೆ ಎಲ್ಲವನ್ನೂ ‘ಆ್ಯಂಡ್’ನಿಂದ ಕೂಡಿಸುವುದು. ನಮ್ಮ ಗಣಗಳ ಛೇದನವೇ ಅದು. ಅಂಕಣದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕಿಲ್ಲ. ಮೂಲ ಕ್ಲಾಸಿನ ಹೆಸರಿಗೆ ಅಡಿಗೆರೆ ಸೇರಿಸಿದ ಮೆಟಾಮಾಡೆಲ್ ಕ್ಲಾಸೊಂದು ಕಂಪೈಲ್ ಸಮಯದಲ್ಲಿ ತಾನಾಗಿ ಸಿದ್ಧವಾಗುತ್ತದೆ. ಆದಾಯವು ಪೂರ್ಣಾಂಕವೆಂದು ಘೋಷಿಸಿದ್ದರೆ, ‘ಇಷ್ಟಕ್ಕಿಂತ ಕಡಿಮೆ’ ಎಂಬಲ್ಲಿ ಪಠ್ಯವನ್ನು ಕೊಟ್ಟ ಕ್ಷಣವೇ ಕಂಪೈಲರ್ ತಡೆಯುತ್ತದೆ. ತಪ್ಪು ನಮ್ಮ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ, ಆ ಹುಡುಗಿಯ ಮನೆಯವರೆಗೆ ಹೋಗುವುದಿಲ್ಲ.

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಸಾಲದೇ ಎಂದು ಕೇಳುವವರುಂಟು. ಡಿ’ಸೋಜರ ತೊಂದರೆಗೆ ಅದು ಸಾಕು. ಆದರೆ ಪ್ರಶ್ನಾರ್ಥಕ ಚಿಹ್ನೆಗಳನ್ನು ಎಣಿಸಿ, ಅದೇ ಕ್ರಮದಲ್ಲಿ ಬೆಲೆಗಳನ್ನು ತುಂಬುವ ಹೊಣೆ ನಮ್ಮದೇ. ವಾಕ್ಯ ಮಾತ್ರ ಇನ್ನೂ ಅಂಟಿಸಿದ್ದೇ. ಕ್ರೈಟೀರಿಯಾದ ಬರವಣಿಗೆ ಉದ್ದ, ಓದಲು ಬೇಸರ ಎಂಬ ದೂರನ್ನು ನಾನೂ ಒಪ್ಪುತ್ತೇನೆ. ಬೇಸರವಾದವರಿಗೆ ಕ್ವೆರಿಡಿಎಸ್‌ಎಲ್ ಇದೆ, ಜೂಕ್ ಇದೆ. ಅವು ಬಹುಮಟ್ಟಿಗೆ ಎಸ್‌ಕ್ಯೂಎಲ್‌ನ ವಾಕ್ಯದಂತೆಯೇ ಓದಿಸಿಕೊಳ್ಳುತ್ತವೆ.

ಹಾಗೆಂದು ಕಂಪೈಲರನ್ನು ದೇವರೆಂದು ತಿಳಿಯಬೇಡಿ. ಕ್ರೈಟೀರಿಯಾದ ‘ಈಕ್ವಲ್’ ವಿಧಾನ ಯಾವ ವಸ್ತುವನ್ನು ಕೊಟ್ಟರೂ ಒಪ್ಪಿಕೊಳ್ಳುತ್ತದೆ, ಅಲ್ಲಿ ಕಾವಲಿಲ್ಲ. ಆದಾಯವನ್ನು ಪಠ್ಯವೆಂದೇ ಘೋಷಿಸಿದವರನ್ನೂ ಅದು ತಿದ್ದಲಾರದು. ಇನ್ನೊಂದು ಸೂಕ್ಷ್ಮವುಂಟು. ಯಾವ ಖಾನೆಯನ್ನೂ ತುಂಬದಿದ್ದರೆ? ಬರಿದಾದ ಪಟ್ಟಿಯ ‘ಆ್ಯಂಡ್’ ಸತ್ಯ, ‘ಆರ್’ ಅಸತ್ಯ. ಏನನ್ನೂ ಛೇದಿಸದಿದ್ದಾಗ ಉಳಿಯುವುದು ಇಡೀ ವಿಶ್ವಗಣ. ಏನನ್ನೂ ಸಂಯೋಗಿಸದಿದ್ದಾಗ ಸಿಗುವುದು ಶೂನ್ಯಗಣ. ಹುಡುಕಾಟದಲ್ಲಿ ವಿಶ್ವಗಣ ಬಂದರೆ ಪುಟ ಉದ್ದವಾಯಿತು, ಅಷ್ಟೆ. ಅದೇ ಪಟ್ಟಿಯನ್ನು ಅರ್ಜಿಗಳನ್ನು ಅಳಿಸುವ ಆಜ್ಞೆಗೆ ಕೊಟ್ಟರೆ ಕೋಷ್ಟಕವೇ ಬರಿದು. ಖಾನೆಗಳೆಲ್ಲ ಖಾಲಿಯಿದ್ದಾಗ ಅಳಿಸಬಾರದೆಂಬ ಷರತ್ತನ್ನು ನೀವೇ ಬರೆಯಬೇಕು. ಕಂಪೈಲರ್ ಅದನ್ನು ಕೇಳುವುದಿಲ್ಲ.